ಪ್ರಶ್ನೆ ಮೂರು

ಪರದೆಗೆ ಸಿಕ್ಕಿದ್ದು ಎನ್ನೆಸ್ಸೆಸ್ ಶಿಬಿರದ ಬೆಡ್‌ಶೀಟು,
ಮೂಲೆಯಲ್ಲಿ ಇನ್ನೂ ಸಾರಿನ ಕಲೆ.
ಪ್ರೊಜೆಕ್ಟರ್ ಪ್ರಿನ್ಸಿಪಾಲರ ಕಪಾಟಿನದು,
ನಾಲ್ಕು ಗಂಟೆಗೆ ಮೊದಲು ಮರಳಿಸತಕ್ಕದ್ದು.
ದ್ವಿತೀಯ ಪಿಯುಸಿ, ಆರ್ಟ್ಸ್.
ಬೋರ್ಡಿನ ಮೇಲೆ ಬರೆದೆ: ಆರ್ಮ್ಸ್ ಟ್ರೇಡ್.
"ಒಂದೇ ಅಕ್ಷರ ಬೇರೆ ಮೇಡಂ" ಅಂದ ಇಗ್ನೇಶಿಯಸ್.
"ತೋಳು ಮಾರೋದಾ?" ಅಂದ ಅವನ ಪಕ್ಕದವ.
ಎಲ್ಲ ನಕ್ಕರು. ನಾನೂ.
ತೀರಾ ತಪ್ಪೇನಲ್ಲ ಅಂತ ಆಮೇಲೆ ಅನಿಸಿತು.

ಸಿನಿಮಾದಲ್ಲಿ ಒಬ್ಬ ಮನುಷ್ಯ, ಒಳ್ಳೆಯ ಕೋಟು.
ಮಗಳ ಹುಟ್ಟುಹಬ್ಬಕ್ಕೆ ಫೋನಿನಲ್ಲೇ ಹಾಡುತ್ತಾನೆ,
ಹಾಡು ಮುಗಿಸಿ ಇನ್ನೊಂದು ಫೋನಿನಲ್ಲಿ
ಅದೇ ಮೆಲುದನಿಯಲ್ಲಿ ದರ ಹೇಳುತ್ತಾನೆ.
ಪೆಟ್ಟಿಗೆಗಳ ಮೇಲೆ ಕೃಷಿ ಉಪಕರಣ ಎಂಬ ಚೀಟಿ.
ಬಂದರು, ಕ್ರೇನು, ಇನ್ನೊಂದು ಬಂದರು.
ನಡುನಡುವೆ ನಿಲ್ಲಿಸಿ ಅರ್ಥ ಬರೆಸುತ್ತೇನೆ,
ಇಂಗ್ಲಿಷ್ ಕ್ಲಾಸಲ್ಲವೆ:
ಮ್ಯಾಗಜಿನ್ ಅಂದರೆ ಇಲ್ಲಿ ಓದುವುದಲ್ಲ,
ರೌಂಡ್ ಅಂದರೆ ದುಂಡಗಿನದಲ್ಲ,
ಎಂಡ್ ಯೂಸರ್ ಅಂದರೆ ಕೊನೆಗೆ ಬಳಸುವವನು.
ಅವನ ಹೆಸರಿಗೊಂದು ಸರ್ಟಿಫಿಕೇಟು ಬೇಕು.
ಅದೂ ದುಡ್ಡಿಗೆ ಸಿಗುತ್ತದೆ.
ಶೆಲ್‌ಗೆ ಅರ್ಥ ಹೇಳುವಷ್ಟರಲ್ಲಿ
ಪರದೆಯ ಮೇಲೆ ಒಂದು ಊರು ಕುಸಿಯಿತು,
ಸ್ಪೀಕರ್ ಗೊರಗುಟ್ಟಿತು,
ಮುಂದಿನ ಬೆಂಚಿನ ನಾಲ್ವರೂ ಕಿವಿ ಮುಚ್ಚಿದರು.

ಆಗಲೇ ಕರೆಂಟು ಹೋಯಿತು.

ಆ ಮಬ್ಬಿನಲ್ಲಿ, ಅರ್ಗಾದ ಕಡೆಯಿಂದ,
ಕಡಲ ಮೇಲಿಂದ
ಧಂ. ಸ್ವಲ್ಪ ಬಿಟ್ಟು ಮತ್ತೆ, ಧಂ.
ಕಿಟಕಿಯ ಗಾಜು ತುಸು ನಡುಗಿ ಸುಮ್ಮನಾಯಿತು.
ಯಾರೂ ಕಿವಿ ಮುಚ್ಚಲಿಲ್ಲ.
"ಪ್ರಾಕ್ಟೀಸು" ಅಂದರು ಯಾರೋ, ಆಕಳಿಸುತ್ತ.

ಕರೆಂಟು ಬರುವ ತನಕ ಪ್ರಶ್ನೆ ಮೂರು ಬರೆಯಿರಿ ಅಂದೆ:
ಈ ವ್ಯಾಪಾರಕ್ಕೂ ನಿಮ್ಮ ಮನೆಗೂ ಸಂಬಂಧವಿದೆಯೆ?
ಮೂವತ್ತೊಂದು ಹಾಳೆ.
ಎರಡು ಖಾಲಿ. ಇಪ್ಪತ್ತೆಂಟರಲ್ಲಿ, ನೋ.
ನೋ ಎಂದವನೊಬ್ಬನ ಅಪ್ಪ ಬೇಸಿನೊಳಗೆ ಗುತ್ತಿಗೆ ಪೇಂಟರು,
ಉಗುರಿನೊಳಗಿನ ಬೂದು ಬಣ್ಣ
ಚೌತಿಯ ದಿನ ಮಿಂದರೂ ಹೋಗುವುದಿಲ್ಲ.
ಇನ್ನೊಬ್ಬಳು ತೋಡೂರು ಕಾಲೊನಿಯವಳು.
ಅಜ್ಜಿ ನೀರು ಸೇದಿದ ಬಾವಿ ಈಗ ಗೋಡೆಯಾಚೆ,
ಇವಳಿಗೆ ಗೊತ್ತಿರುವುದು ಅದರ ಹೆಸರು ಮಾತ್ರ.
ದೇಶ ಕಾಯುವುದು ಬೇರೆ, ಮಾರುವುದು ಬೇರೆ
ಎಂದು ಕನ್ನಡದಲ್ಲೇ ಬರೆದಿದ್ದ ಪ್ರಜ್ಯೋತ ತಾಂಡೇಲ.
ಸರಿ ಗುರುತು ಹಾಕಿದೆ,
ಎರಡು ಸಲ ಓದಿ ಹಾಕಿದೆ.
ಬೀಚಿನ ಆ ಹಳೇ ಯುದ್ಧನೌಕೆಯ ತೋಪಿಗೆ
ಮಗನನ್ನು ಆನಿಸಿ ನಿಲ್ಲಿಸಿ ತೆಗೆದ ಫೋಟೋ
ನಮ್ಮ ಫ್ರಿಜ್ಜಿನ ಮೇಲಿದೆ.
ನಗುತ್ತಿದ್ದಾನೆ, ಮುಂದಿನ ಎರಡು ಹಲ್ಲಿಲ್ಲ.
ನಾನೇ ಪರೀಕ್ಷೆಗೆ ಕೂತಿದ್ದರೂ
ನೋ ಎಂದೇ ಬರೆಯುತ್ತಿದ್ದೆ.

ಒಂದೇ ಒಂದು ಎಸ್.
ಸುಗಂಧಾ ದುರ್ಗೇಕರ, ರೋಲ್ ನಂಬರ್ ಹತ್ತೊಂಬತ್ತು.
ನನ್ನ ಆಯಿ ದಿನಾ ಶೆಲ್ ಅಗೆದು ಮಾರುತ್ತಾಳೆ,
ಕಾಳಿಯಲ್ಲಿ ನೀರು ಇಳಿದಾಗ.
ಪೂರ್ತಿ ಇಂಗ್ಲಿಷಿನಲ್ಲಿ. ವ್ಯಾಕರಣದ ತಪ್ಪಿಲ್ಲ.
ಪಕ್ಕದಲ್ಲಿ ಪೆನ್ಸಿಲಿನ ಒಂದು ಬೆಳಚು,
ಬಾಯಿ ತುಸು ತೆರೆದದ್ದು.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ,
ಹಾಕಿದೆ,
ಹಾಳೆಗಳನ್ನು ಚೀಲಕ್ಕೆ ತುರುಕಿದೆ.
ಕರೆಂಟು ಬರಲೇ ಇಲ್ಲ.
ಕೋಟಿನವನಿಗೆ ಕೊನೆಗೆ ಏನಾಯಿತೋ
ಮಕ್ಕಳು ಯಾರೂ ಕೇಳಲಿಲ್ಲ.

ಸಂಜೆ, ಕೋಡಿಬಾಗದ ತಿರುವಿನಲ್ಲಿ
ಗೋಣಿಯ ಮೇಲೆ ಬೆಳಚಿನ ಗುಡ್ಡೆ, ಇನ್ನೂ ಜಿನುಗುತ್ತಿತ್ತು.
ಅಳತೆಗೆ ಒಂದು ಪೇಂಟಿನ ಡಬ್ಬಿ, ಅಂಚಿನಲ್ಲಿ ಒಣಗಿದ ಬೂದು.
ಆ ಹೆಂಗಸಿಗೆ ಸುಗಂಧಾಳದೇ ಹುಬ್ಬು.
ಅವಳೋ, ಅಲ್ಲವೋ, ಕೇಳಲಿಲ್ಲ.
ಡಬ್ಬಿಗೆ ಎಷ್ಟು ಅಂದೆ. ಹೇಳಿದಳು.
ಕಡಿಮೆ ಮಾಡು ಅಂದೆ, ಅಭ್ಯಾಸಬಲ.
ಅವಳು ತಲೆ ಎತ್ತಲಿಲ್ಲ.
ಡಬ್ಬಿಯನ್ನು ಗುಡ್ಡೆಯೊಳಗೆ ಹುಗಿದು ಕೇಳಿದಳು:
"ಮನೇಲಿ ತಿನ್ನೋರು ಎಷ್ಟು ಜನ?"

ಇಬ್ಬರು, ಅಂದೆ,
ಎಲ್ಲೋ ಸಹಿ ಹಾಕುವವಳ ಹಾಗೆ ತಡವರಿಸಿ.
ಮೂವರಿಗಾಗುವಷ್ಟು ಸುರಿದಳು.